ತೋಟದ ನೀರಿನ ಟ್ಯಾಂಕಿಗೆ ನಲ್ಲಿ ಜೋಡಣೆ

ಗಿಡಗಳಿಗೆಂದು ನೀರು ಕೂಡಿಡುವ ದೊಡ್ಡ ಟ್ಯಾಂಕ್, ಡ್ರಮ್ ಅಥವಾ ತೊಟ್ಟಿಯ ಬುಡದ ಬಳಿ ರಂಧ್ರ ಕೊರೆದು, ನೀರು ಜಿನುಗದಂತೆ ನಲ್ಲಿ ಕೂರಿಸುವ ಕೆಲಸ. ಇದಕ್ಕೆ ಪಂಪು, ಕರೆಂಟು ಬೇಕಿಲ್ಲ. ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ಕರ್ನಾಟಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಕಪ್ಪು ಟ್ಯಾಂಕ್. ಗುಜರಾತಿನ ಕಲೋಲ್‌ನ ಒಂದು ಕಂಪನಿಯ ಹೆಸರು ವಸ್ತುವಿಗೇ ಅಂಟಿಕೊಂಡು, ಯಾರು ತಯಾರಿಸಿದ್ದಾದರೂ ಅದು ಜನರ ಬಾಯಲ್ಲಿ ‘ಸಿಂಟೆಕ್ಸ್’. ಇಂಥ ಟ್ಯಾಂಕುಗಳಿಗೆ ಭಾರತೀಯ ಮಾನಕ ಐಎಸ್ 12701 ಅನ್ವಯಿಸುತ್ತದೆ.

ಮಳೆನೀರು ಸಂಗ್ರಹ ಹೆಚ್ಚಿದಂತೆ ಈ ಕೆಲಸವೂ ಮನೆಮಾತಾಗಿದೆ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಮಂಡಳಿ ಆದೇಶಿಸಿತು. ತೋಟಕ್ಕೆ ಬೇರೆಯೇ ಟ್ಯಾಂಕ್ ಇಡುವ ಯೋಚನೆಗೆ ಇಂಥ ಬೇಸಿಗೆಗಳೂ ಕಾರಣ.

ನೀರಿನ ಒತ್ತಡ

ನಲ್ಲಿಯ ಮೇಲೆ ಬೀಳುವ ಒತ್ತಡ ಅದರ ಮೇಲೆ ನಿಂತ ನೀರಿನ ಎತ್ತರವನ್ನು ಅವಲಂಬಿಸಿದೆಯೇ ಹೊರತು ಟ್ಯಾಂಕಿನ ಅಗಲವನ್ನಲ್ಲ. ನೀರಿನ ಮಟ್ಟ ಒಂದೇ ಆಗಿದ್ದರೆ 500 ಲೀಟರಿನ ಟ್ಯಾಂಕಿನಲ್ಲೂ 5,000 ಲೀಟರಿನದರಲ್ಲೂ ಒತ್ತಡ ಒಂದೇ. ಒಂದು ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಭಾರ ಹಾಕುತ್ತದೆ. ಅರ್ಧ ಇಂಚಿನ ನಲ್ಲಿಗೆ ಕೊರೆಯುವ 22 ಮಿ.ಮೀ. ರಂಧ್ರದ ಲೆಕ್ಕ ಹಾಕಿದರೆ, ಒಂದು ಮೀಟರ್ ಎತ್ತರದ ನೀರು ಆ ಜೋಡಣೆಯನ್ನು ಹೊರಕ್ಕೆ ದೂಡುವ ಬಲ 400 ಗ್ರಾಂ ದಾಟುವುದಿಲ್ಲ. ಆದ್ದರಿಂದ ಟ್ಯಾಂಕಿನ ನಲ್ಲಿ ಸೋರುವುದಕ್ಕೆ ನೀರಿನ ರಭಸವೇ ಕಾರಣವಾಗುವುದು ಅಪರೂಪ. ಒರಟಾದ ರಂಧ್ರ, ಸರಿಯಾಗಿ ಕೂರದ ವಾಷರ್, ನಲ್ಲಿಗೆ ಜೋತುಬಿದ್ದ ಪೈಪಿನ ಎಳೆತ, ಇವೇ ಸಾಮಾನ್ಯ ಕಾರಣಗಳು.

ನೀರು ಹೊರಬರುವ ವೇಗವನ್ನು ಇಟಲಿಯ ಇವಾಂಜೆಲಿಸ್ಟಾ ಟೊರಿಚೆಲ್ಲಿ 17ನೆಯ ಶತಮಾನದಲ್ಲಿ ತೋರಿಸಿದ ನಿಯಮ ವಿವರಿಸುತ್ತದೆ: ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣ. ನಲ್ಲಿಯ ಮೇಲಿನ ನೀರು ಕಾಲುಭಾಗಕ್ಕೆ ಇಳಿದಾಗ ವೇಗ ಅರ್ಧವಾಗುತ್ತದೆ. ಬಿಂದಿಗೆ ತುಂಬಲು ಎರಡರಷ್ಟು ಹೊತ್ತು ಬೇಕು. ಮನೆಯೊಳಗಿನ ನಲ್ಲಿಗೆ ಸಾಲುವ ಅರ್ಧ ಇಂಚು ತೋಟದಲ್ಲಿ ನಿಧಾನವೆನಿಸಲು ಇದೇ ಕಾರಣ. ಇಲ್ಲಿ ಮುಕ್ಕಾಲು ಅಥವಾ ಒಂದಿಂಚಿನ ಜೋಡಣೆಯೇ ಅನುಕೂಲ. ವಾಷರ್ ಕೆಳಗಿಳಿದು ಮುಚ್ಚುವ ತಿರುಪಿನ ನಲ್ಲಿಗಿಂತ, ಕಾಲು ಸುತ್ತಿಗೆ ಪೂರ್ತಿ ತೆರೆದುಕೊಳ್ಳುವ ಬಾಲ್ ವಾಲ್ವ್ ನೀರಿಗೆ ಕಡಿಮೆ ಅಡ್ಡಿ ಮಾಡುತ್ತದೆ.

ಬೇಕಾಗುವ ಭಾಗಗಳು

ಮುಖ್ಯ ಭಾಗ ಟ್ಯಾಂಕ್ ನಿಪ್ಪಲ್: ಒಂದು ತುದಿಯಲ್ಲಿ ಅಗಲ ತಲೆ, ಮೈಗೆ ಮರೆ (ತಿರುಪಿನ ಎಳೆ), ಬಿಗಿಯಲು ಚೆಕ್ ನಟ್, ಜೊತೆಗೆ ರಬ್ಬರ್ ವಾಷರುಗಳು. ಪಿವಿಸಿ, ಪಾಲಿಪ್ರೊಪಿಲೀನ್, ಹಿತ್ತಾಳೆ ಮೂರರಲ್ಲೂ ಸಿಗುತ್ತದೆ. ಬಿಸಿಲಿಗೆ ಒಡ್ಡಿದ ಅಗ್ಗದ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಪೆಡಸಾಗಿ ಒಡೆಯುತ್ತದೆ. ಹಿತ್ತಾಳೆಗೆ ಆ ಭಯವಿಲ್ಲ.

ಅಂಗಡಿಯಲ್ಲಿ ಹೇಳುವ ‘ಇಂಚು’ ಪೈಪಿನ ಒಳಬಾಯಿಯ ಸ್ಥೂಲ ಅಳತೆ, ಮರೆಯ ಹೊರಗಿನ ಅಳತೆಯಲ್ಲ. ಬ್ರಿಟಿಷ್ ಪೈಪ್ ಮರೆಯ ಕ್ರಮದಲ್ಲಿ ಅರ್ಧ ಇಂಚಿನ ಹೊರವ್ಯಾಸ 20.96 ಮಿ.ಮೀ., ಮುಕ್ಕಾಲು ಇಂಚಿನದು 26.44 ಮಿ.ಮೀ., ಒಂದಿಂಚಿನದು 33.25 ಮಿ.ಮೀ. ಈ ಮರೆಯ ಆಕಾರಕ್ಕೆ ಮೂಲ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ 55 ಡಿಗ್ರಿ ಕೋನದ ಮರೆ. ಕೊರೆಯುವ ರಂಧ್ರ ಈ ಅಳತೆಗಿಂತ ಒಂದು ಮಿಲಿಮೀಟರಿನಷ್ಟೇ ದೊಡ್ಡದಿದ್ದರೆ ಸಾಕು. ಕೊಂಡ ನಿಪ್ಪಲನ್ನು ಅಳೆದ ಮೇಲೆಯೇ ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸ) ಆರಿಸುವುದು ಕ್ಷೇಮ.

ಜಾಗದ ಆಯ್ಕೆ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಂದರೆ ತುಂಬಿದ 1,000 ಲೀಟರಿನ ಟ್ಯಾಂಕ್ ಒಂದು ಟನ್ ಭಾರ. ಅದರ ತಳ ಪೂರ್ತಿಯಾಗಿ ಮಟ್ಟಸವಾದ ಕಟ್ಟೆಯ ಮೇಲೆ ಕೂರಬೇಕು. ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟರೆ ತಳ ಜೋಲುತ್ತದೆ. ಕಟ್ಟೆ ಅರ್ಧ ಮೀಟರ್ ಎತ್ತರವಿದ್ದರೆ ನಲ್ಲಿಯ ಕೆಳಗೆ ಕೊಡವೋ ನೀರುಣಿಸುವ ಡಬ್ಬವೋ ಸಲೀಸಾಗಿ ಹಿಡಿಸುತ್ತದೆ.

ರಂಧ್ರವನ್ನು ತಳದಿಂದ 5ರಿಂದ 10 ಸೆಂ.ಮೀ. ಮೇಲೆ ಇಡುವುದು ರೂಢಿ. ಮಾಡಿನಿಂದ ಬಂದ ಮಣ್ಣು, ಎಲೆಯ ಕಸ ಅಡಿಯಲ್ಲಿ ನಿಲ್ಲುತ್ತದೆ, ನಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಗುಂಡು ಟ್ಯಾಂಕಿನ ಗೋಡೆ ಬಾಗಿರುವುದರಿಂದ ವಾಷರ್ ಎರಡು ಬದಿಯಲ್ಲಿ ಎದ್ದು ನಿಲ್ಲುತ್ತದೆ. ಹಾಗಾಗಿ ತಯಾರಕರು ಬುಡದಲ್ಲಿ ಬಿಟ್ಟಿರುವ ಚಪ್ಪಟೆ ಜಾಗವನ್ನೇ ಹುಡುಕಬೇಕು. ಅದಿಲ್ಲದಿದ್ದರೆ ಮೆತ್ತನೆಯ ದಪ್ಪ ರಬ್ಬರ್ ವಾಷರ್ ಬೇಕು. ಏಣುಗಳ ಮೇಲೆ, ಅಚ್ಚಿನ ಕೂಡುಗೆರೆಯ ಮೇಲೆ ಕೊರೆಯಬಾರದು.

ರಂಧ್ರ ಕೊರೆಯುವುದು

ಟ್ಯಾಂಕ್ ಖಾಲಿ ಮಾಡಿ ಒರೆಸಬೇಕು. ನೀರಿನ ಹತ್ತಿರ ಕರೆಂಟಿನ ಡ್ರಿಲ್ ಅಪಾಯ. ಗುರುತು ಹಾಕಿದಲ್ಲಿ ಮೊದಲು ಸಣ್ಣ ತೂತು, ನಂತರ ಹೋಲ್ ಸಾ. ವೇಗ ಕಡಿಮೆಯಿರಬೇಕು, ಒತ್ತಬಾರದು. ಹಲ್ಲುಗಳು ಪ್ಲಾಸ್ಟಿಕ್ಕನ್ನು ಕತ್ತರಿಸುತ್ತಿದ್ದರೆ ಸುರುಳಿ ಸುರುಳಿ ಸಿಪ್ಪೆ ಉದುರುತ್ತದೆ. ವೇಗ ಹೆಚ್ಚಾದರೆ ಅದೇ ಪ್ಲಾಸ್ಟಿಕ್ ಕರಗಿ ಹಲ್ಲಿಗೆ ಮೆತ್ತುತ್ತದೆ. ಕೊನೆಗೆ ನಾಣ್ಯದಂಥ ಒಂದು ಬಿಲ್ಲೆ ಕಳಚಿಕೊಳ್ಳುತ್ತದೆ. ಬಿಲ್ಲೆಯನ್ನೂ ಸಿಪ್ಪೆಯನ್ನೂ ಒಳಗೆ ಬಿಡದೆ ತೆಗೆಯಬೇಕು, ಇಲ್ಲವಾದರೆ ಮೊದಲ ದಿನವೇ ನಲ್ಲಿ ಕಟ್ಟಿಕೊಳ್ಳುತ್ತದೆ.

ಹೋಲ್ ಸಾ ಇಲ್ಲದ ಕಡೆ ಕಬ್ಬಿಣದ ಪೈಪಿನ ತುಂಡನ್ನು ಒಲೆಯಲ್ಲಿ ಕಾಯಿಸಿ ಚುಚ್ಚುವುದುಂಟು. ತೂತೇನೋ ಬೀಳುತ್ತದೆ, ಆದರೆ ಕರಗಿದ ಪ್ಲಾಸ್ಟಿಕ್ ಸುತ್ತ ಬದುವಿನಂತೆ ಉಬ್ಬಿ ನಿಂತು ವಾಷರ್ ಕೂರಲು ಬಿಡುವುದಿಲ್ಲ. ಆ ಬದುವನ್ನು ಬ್ಲೇಡಿನಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡದೆ ಮುಂದುವರಿಯಬಾರದು.

ಜೋಡಣೆ

ನಿಪ್ಪಲಿನ ತಲೆಗೆ ರಬ್ಬರ್ ವಾಷರ್ ತೊಡಿಸಿ ಒಳಗಿನಿಂದ ಹೊರಕ್ಕೆ ತೂರಿಸಲಾಗುತ್ತದೆ. ಹೊರಗಡೆ ಇನ್ನೊಂದು ರಬ್ಬರ್ ವಾಷರ್, ಅದರ ಮೇಲೆ ನುಣುಪಾದ ಗಟ್ಟಿ ವಾಷರ್, ಆಮೇಲೆ ನಟ್. ಗಟ್ಟಿ ವಾಷರ್ ನಡುವೆ ಇಲ್ಲದಿದ್ದರೆ ತಿರುಗುವ ನಟ್ ರಬ್ಬರನ್ನೂ ಸೆಳೆದು ಮುದುಡಿಸುತ್ತದೆ. ಒಳಗೊಬ್ಬರು ತಲೆ ಹಿಡಿದು, ಹೊರಗೊಬ್ಬರು ನಟ್ ತಿರುಗಿಸಿದರೆ ಕೆಲಸ ಹಗುರ. ಕೈಯಿಂದ ಆದಷ್ಟು ಬಿಗಿ ಮಾಡಿ, ಸ್ಪ್ಯಾನರಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು ಸಾಕು. ರಬ್ಬರ್ ಅಂಚಿನಲ್ಲಿ ಚೂರು ಉಬ್ಬಿದರೆ ಸರಿ, ಹೊರಕ್ಕೆ ಹಿಸುಕಿ ಬಂದರೆ ಬಿಗಿ ಮಿತಿಮೀರಿದೆ.

ಪಾಲಿಎಥಿಲೀನಿಗೆ ಅಂಟು ಹಿಡಿಯುವುದಿಲ್ಲ. ಪಿವಿಸಿ ಸಲ್ಯೂಷನ್, ಸಿಲಿಕಾನ್, ಎಪಾಕ್ಸಿ ಹಿಟ್ಟು ಯಾವುದನ್ನು ಬಳಿದರೂ ಕೆಲ ದಿನಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಇಲ್ಲಿ ನೀರನ್ನು ತಡೆಯುವುದು ಅದುಮಿದ ರಬ್ಬರ್ ಮಾತ್ರ. ಟೆಫ್ಲಾನ್ ಟೇಪಿನ ಕೆಲಸ ಬೇರೆ: ಅದು ನಿಪ್ಪಲಿಗೂ ನಲ್ಲಿಗೂ ನಡುವಿನ ಮರೆಗೆ. ಮರೆಯ ತುದಿಯನ್ನು ನಮ್ಮತ್ತ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೂರರಿಂದ ಐದು ಸುತ್ತು ಸುತ್ತಬೇಕು; ತಿರುವುಮುರುವಾದರೆ ನಲ್ಲಿ ಬಿಗಿಯುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಟೇಪು ಬರುವ ಮೊದಲು ಪ್ಲಂಬರುಗಳು ಇದೇ ಜಾಗದಲ್ಲಿ ಸೆಣಬಿನ ನಾರಿಗೆ ಬಣ್ಣ ಸವರಿ ಸುತ್ತುತ್ತಿದ್ದರು.

ನೀರನ್ನು ಮೊದಲು ನಲ್ಲಿಗಿಂತ ಒಂದು ಗೇಣು ಮೇಲಕ್ಕೆ ತುಂಬಿಸಿ, ಜೋಡಣೆಯ ಸುತ್ತ ಒಣ ಕಾಗದ ಒತ್ತಿ ನೋಡಬೇಕು. ಕಣ್ಣಿಗೆ ಕಾಣದ ಜಿನುಗೂ ಕಾಗದದ ಮೇಲೆ ಕಲೆಯಾಗಿ ಮೂಡುತ್ತದೆ. ಒತ್ತಡಕ್ಕೆ ಸಿಕ್ಕ ಪ್ಲಾಸ್ಟಿಕ್ ನಿಧಾನವಾಗಿ ಸರಿದುಕೊಳ್ಳುವುದರಿಂದ ವಾರದ ನಂತರ ನಟ್ಟನ್ನು ಇನ್ನೊಮ್ಮೆ ಮೆಲ್ಲಗೆ ಬಿಗಿಯಬೇಕು.

ಕೈ ತೂರದ ಡ್ರಮ್ಮುಗಳು

ಬಾಯಿ ಕಿರಿದಾದ 200 ಲೀಟರಿನ ಡ್ರಮ್ಮಿನಲ್ಲಿ ನಿಪ್ಪಲನ್ನು ಒಳಗಿನಿಂದ ತೂರಿಸಲು ಕೈ ಹೋಗದು. ಆಗ ಕೊರೆದ ರಂಧ್ರದಿಂದ ದಾರ ತೂರಿಸಿ, ತಂತಿಯ ಕೊಕ್ಕೆಯಿಂದ ಅದನ್ನು ಡ್ರಮ್ಮಿನ ಬಾಯಿಗೆ ಎಳೆದುಕೊಳ್ಳುತ್ತಾರೆ. ವಾಷರ್ ತೊಡಿಸಿದ ನಿಪ್ಪಲನ್ನು ದಾರಕ್ಕೆ ಪೋಣಿಸಿ ತುದಿಗೆ ಅಡ್ಡಕಡ್ಡಿ ಕಟ್ಟಿ ಒಳಗೆ ಬಿಟ್ಟು, ಹೊರಗಿನಿಂದ ದಾರ ಎಳೆದರೆ ನಿಪ್ಪಲ್ ಜಾರುತ್ತ ಬಂದು ರಂಧ್ರದಲ್ಲಿ ಮೂತಿ ಹಾಕುತ್ತದೆ. ಹೊರಗಿನಿಂದಲೇ ಒತ್ತಿ ಕೂರಿಸುವ ರಬ್ಬರ್ ಬುಷ್ ಇನ್ನೊಂದು ದಾರಿ.

ಕಬ್ಬಿಣದ ಪಂಜರದಲ್ಲಿ ಕೂತ 1,000 ಲೀಟರಿನ ಚೌಕ ಟ್ಯಾಂಕುಗಳಿಗೆ ಕೊರೆಯುವ ಕೆಲಸವೇ ಇಲ್ಲ. ಅವುಗಳ ಬುಡದಲ್ಲಿ ವಾಲ್ವ್ ಇದ್ದೇ ಇರುತ್ತದೆ. ಅದರ ಒರಟು ಮರೆ ಹೆಚ್ಚಾಗಿ 60 ಮಿ.ಮೀ. ವ್ಯಾಸದ್ದು, ಮಾಮೂಲಿ ನಲ್ಲಿಗೆ ಹೊಂದಿಸಲು ಅಡಾಪ್ಟರ್ ಬೇಕು. ಕಾರ್ಖಾನೆಯಿಂದ ಬಂದ ಹಳೆಯ ಟ್ಯಾಂಕಾದರೆ ಹಿಂದೆ ಅದರಲ್ಲಿ ಏನು ತುಂಬಿತ್ತೆಂದು ತಿಳಿಯದೆ ಸೊಪ್ಪು, ತರಕಾರಿಗೆ ಬಳಸಬಾರದು.

ಸಿಮೆಂಟ್ ತೊಟ್ಟಿ

ಸಿಮೆಂಟ್ ತೊಟ್ಟಿಗೆ ನಲ್ಲಿಯ ಪೈಪನ್ನು ಕಟ್ಟುವಾಗಲೇ ಹುದುಗಿಸುವುದು ಉತ್ತಮ. ಗೋಡೆಯ ನಡುವೆ ಬರುವಂತೆ ಪೈಪಿಗೆ ಬೆಸೆದ ಅಗಲ ಬಿಲ್ಲೆ ನೀರು ಅದರ ಮೈಗುಂಟ ಜಿನುಗದಂತೆ ತಡೆಯುತ್ತದೆ. ಕಟ್ಟಿಯಾದ ಮೇಲೆ ಕೊರೆದರೆ, ಕುಗ್ಗದ ಗಾರೆಯಿಂದ ತುಂಬಿ, ಅದು ಗಟ್ಟಿಯಾಗುವ ತನಕ ನೀರು ಬಿಡಬಾರದು.

ಬಾಳಿಕೆ ಮತ್ತು ದುರಸ್ತಿ

ತೋಟದ ಪೈಪನ್ನು ನೇರ ನಲ್ಲಿಗೆ ಸಿಕ್ಕಿಸಿ ಗಿಡದಿಂದ ಗಿಡಕ್ಕೆ ಎಳೆದಾಡಿದರೆ ಟ್ಯಾಂಕಿನ ತೆಳು ಗೋಡೆಯೇ ಬಾಗಿ ವಾಷರ್ ಸಡಿಲವಾಗುತ್ತದೆ. ನಲ್ಲಿಯ ಕೆಳಗೊಂದು ಇಟ್ಟಿಗೆಯ ಆಸರೆ ಕೊಟ್ಟು, ಪೈಪನ್ನು ಪಕ್ಕದ ಗೂಟಕ್ಕೆ ಕಟ್ಟಿದರೆ ಎಳೆತ ಗೂಟದ ಪಾಲಾಗುತ್ತದೆ. ಮುಚ್ಚಳ ಗಾಳಿಯಾಡದಷ್ಟು ಬಿಗಿಯಾಗಿದ್ದರೆ ನೀರು ಗುಳುಗುಳು ಎಂದು ತಡೆತಡೆದು ಬರುತ್ತದೆ. ಗಾಳಿಗೊಂದು ತೂತು ಬೇಕು. ಆ ತೂತಿಗೂ ಓವರ್‌ಫ್ಲೋ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟದಿದ್ದರೆ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲೇ ಮೊಟ್ಟೆಯಿಡುತ್ತದೆ.

ರಂಧ್ರ ಕೆಟ್ಟಿತೆಂದು ಟ್ಯಾಂಕ್ ಎಸೆಯಬೇಕಿಲ್ಲ. ಅರ್ಧ ಇಂಚಿನ ತೂತು ಸೊಟ್ಟಗಾಗಿದ್ದರೆ ಅದನ್ನೇ ಒಂದಿಂಚಿಗೆ ಹಿಗ್ಗಿಸಿ ದೊಡ್ಡ ನಿಪ್ಪಲ್ ಹಾಕಬಹುದು. ದೊಡ್ಡ ಗಾತ್ರದ ಹೋಲ್ ಸಾಗೆ ಆಗ ನಡುವೆ ಹಿಡಿತ ಸಿಗದ ಕಾರಣ, ಮರದ ಹಲಗೆಯೊಂದನ್ನು ಹಿಂದೆ ಒತ್ತಿಹಿಡಿದು, ಅದರ ಮೇಲೆ ನಡುಗುರುತು ಮಾಡಿ ಕೊರೆಯುತ್ತಾರೆ.