ಮಣ್ಣಿನಲ್ಲಿ ಕರಗಿದ ಸಾವಯವ ದ್ರವ್ಯ: ಒಂದು ಚಾರಿತ್ರಿಕ ವಿವೇಚನೆ

ಕೊಳೆತ ಎಲೆ ಬೇರುಗಳ ಸಾರವು ಮಣ್ಣಿನ ನೀರಿನಲ್ಲಿ ಕರಗಿ, ಹೊಳೆ ಕೆರೆಗಳಿಗಿಳಿದು ಅವಕ್ಕೆ ಕಂದುಬಣ್ಣವನ್ನು ಕೊಡುತ್ತದೆ. ಈ ದ್ರವ್ಯದ ಪರಿಣಾಮಗಳು ವಿದ್ವಾಂಸರ ಗಮನಕ್ಕೆ ತಡವಾಗಿ ಬಂದುದಕ್ಕೆ, ಅವರು ಕೇಳಿದ ಪ್ರಶ್ನೆಯ ಸಂಕುಚಿತತೆಯೇ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

1786ರಲ್ಲಿ ಜರ್ಮನಿಯ ಆಖಾರ್ಡನು (ಬೀಟ್ ಸಕ್ಕರೆಗೆ ಹೆಸರಾದವನು ಇವನೇ) ಜೌಗು ನೆಲದ ಪೀಟ್ ಮಣ್ಣಿನಿಂದ ಕ್ಷಾರದ ಸಹಾಯದಿಂದ ಕಪ್ಪು ದ್ರವ್ಯವೊಂದನ್ನು ಬೇರ್ಪಡಿಸಿದನು. ಮುಂದೆ ಸ್ವೀಡನ್ನಿನ ಬರ್ಜೀಲಿಯಸನು ಪೋರ್ಲಾ ಎಂಬಲ್ಲಿಯ ಚಿಲುಮೆಯ ನೀರಿನಲ್ಲಿ ಇಂಥ ಎರಡು ಆಮ್ಲಗಳನ್ನು ಗುರುತಿಸಿ, ಚಿಲುಮೆಯೆಂಬರ್ಥದ ಗ್ರೀಕ್ ಶಬ್ದದಿಂದ ಒಂದಕ್ಕೆ ‘ಕ್ರೆನಿಕ್’ ಎಂದು ಹೆಸರಿಟ್ಟನು. ನೆಲದ ವಸ್ತುವನ್ನು ನೀರಿನಲ್ಲಿ ಅರಸಿದ ಈ ದೃಷ್ಟಿ ಅಪೂರ್ವವಾದುದು. ಆದರೆ ಅಂದಿನ ವಾದವೆಲ್ಲ ಹ್ಯೂಮಸ್ ಸಸ್ಯಗಳಿಗೆ ಆಹಾರವೇ ಅಲ್ಲವೇ ಎಂಬುದರ ಸುತ್ತ ನಡೆಯಿತು. ಸಸ್ಯಕ್ಕೆ ಇಂಗಾಲವು ದೊರೆಯುವುದು ವಾಯುಮಂಡಲದಿಂದ ಎಂದು ಲೀಬಿಗ್ 1840ರಲ್ಲಿ ಪ್ರತಿಪಾದಿಸಿದನು. ವಾದವೇನೋ ಸರಿಯೇ. ಮುಲ್ಡರನಂಥವರು ಹ್ಯೂಮಸ್ಸಿನ ಅಭ್ಯಾಸವನ್ನು ಬಿಡಲಿಲ್ಲವಾದರೂ, ಅದು ನೀರಿಗಿಳಿದು ಏನು ಮಾಡೀತೆಂದು ವಿಚಾರಿಸಿದವರು ವಿರಳ.

1974ರಲ್ಲಿ ರಾಟರ್‌ಡ್ಯಾಮಿನ ರೂಕ್, ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಈ ದ್ರವ್ಯದೊಡನೆ ವರ್ತಿಸಿ ಕ್ಲೋರೋಫಾರ್ಮ್ ಮೊದಲಾದುವನ್ನು ಉಂಟುಮಾಡುವುದೆಂದು ತೋರಿಸಿದಾಗ ಪ್ರಶ್ನೆಯೇ ಬದಲಾಯಿತು. 2007ರಲ್ಲಿ ಮಾಂಟೀತ್ ಮತ್ತು ಸಂಗಡಿಗರ ಸಂಶೋಧನೆ ಇನ್ನೊಂದು ವಿಚಿತ್ರವನ್ನು ಹೊರಗೆಡಹಿತು: ಯುರೋಪು, ಉತ್ತರ ಅಮೆರಿಕಗಳಲ್ಲಿ ಗಂಧಕದ ಹೊಗೆ ತಗ್ಗಿ ಆಮ್ಲಮಳೆ ಇಳಿದಂತೆ, ಮಣ್ಣಿನ ಸಾವಯವ ದ್ರವ್ಯವು ಹೆಚ್ಚಾಗಿ ಕರಗಿ ಅಲ್ಲಿಯ ಅನೇಕ ಸರೋವರಗಳ, ತೊರೆಗಳ ನೀರು ಕಂದಾಗುತ್ತಿದ್ದಿತು. ಕ್ಲೋರಿನ್ ಬೆರೆಸುವ ಮೊದಲು ಪಟಿಕದಂಥ ಲವಣಗಳಿಂದ ಅದನ್ನು ತಳಕ್ಕಿಳಿಸುವ ಹೊರೆ ಅಲ್ಲಿಯ ಜಲಾಗಾರಗಳಿಗೆ ಅಷ್ಟರಮಟ್ಟಿಗೆ ಹೆಚ್ಚಿತು.