ಹೃದಯದ ಔಷಧ, ಬೆರಳಿನ ವ್ಯಥೆ

ಡೋಪಮೀನ್ ಎಂಬ ಔಷಧದ ಚರಿತ್ರೆಯನ್ನು ನಾನು ಓದತೊಡಗಿದ್ದು ಹವ್ಯಾಸಕ್ಕಾಗಿ ಅಲ್ಲ. ಮನಗೂಳಿಯ ನಮ್ಮ ದೊಡ್ಡಪ್ಪನವರಿಗೆ ಹೃದಯಾಘಾತವಾಗಿ ರಕ್ತದೊತ್ತಡ ಕುಸಿದಾಗ, ವಿಜಯಪುರದ ಆಸ್ಪತ್ರೆಯೊಂದರಲ್ಲಿ ಅದನ್ನು ಸಲಾಯಿನ್ನಿನಲ್ಲಿ ಬೆರೆಸಿ ಹನಿಹನಿಯಾಗಿ ಕೊಟ್ಟರು. ಜೀವ ಉಳಿಯಿತು, ಎರಡು ಬೆರಳುಗಳ ತುದಿ ಮಾತ್ರ ಕಪ್ಪಿಟ್ಟವು. “ಎದಿಗಿ ಕೊಟ್ಟ ಔಷಧ ಬೆರಳಿಗ್ಯಾಕ ಹೋತು, ತಮ್ಮಾ?” ಎಂದು ದೊಡ್ಡವ್ವ ಕೇಳಿದರು. ಕನ್ನಡ ಪಾಠ ಹೇಳುವವನ ಬಳಿ ಇದಕ್ಕೆ ಉತ್ತರವೆಲ್ಲಿಂದ ಬರಬೇಕು? ವೈದ್ಯಮಿತ್ರರೊಬ್ಬರಿಂದ ಪುಸ್ತಕಗಳನ್ನು ತಂದು ಕುಳಿತೆ.

ಈ ವಸ್ತುವನ್ನು ಲಂಡನ್ನಿನ ವೆಲ್‌ಕಮ್ ಪ್ರಯೋಗಾಲಯದಲ್ಲಿ ಜಾರ್ಜ್ ಬಾರ್ಜರ್ ಮತ್ತು ಜೇಮ್ಸ್ ಯೂಯೆನ್ಸ್ ತಯಾರಿಸಿದ್ದು 1910ರಲ್ಲಿ. ಹೆನ್ರಿ ಡೇಲ್ ಪರೀಕ್ಷಿಸಿ ನೋಡಿದರು: ಅಡ್ರಿನಲಿನ್ನಿನ ಗುಣವುಂಟು, ಆದರೆ ಬಲ ಕಡಿಮೆ. ಹೀಗೆಂದ ಮೇಲೆ ಯಾರು ಕೇಳುವರು? ಅದು ಬಹುಕಾಲ ಮೂಲೆ ಸೇರಿತು. ‘ಡೋಪ’ ಎಂಬ ವಸ್ತುವಿನಿಂದ ಹುಟ್ಟಿದ್ದರಿಂದ ಈ ಹೆಸರು. ಆ ಡೋಪ ನಮ್ಮ ಬೇಲಿಯ ನಸುಗುನ್ನಿಯ ಬೀಜದಲ್ಲಿದೆಯೆಂದು 1937ರಲ್ಲಿ ಮದರಾಸಿನ ವಿಜ್ಞಾನಿಗಳು ತೋರಿಸಿದರು. ಕಾಯಿ ಸೋಕಿ ಮೈ ಕೆರೆದುಕೊಂಡ ಹುಡುಗರಾರೂ ಇದನ್ನು ಊಹಿಸಿರಲಾರರು! 1950ರ ದಶಕದ ಕೊನೆಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಮಿದುಳಿನಲ್ಲಿ ಡೋಪಮೀನಿಗೆ ಸ್ವಂತ ಕಾರ್ಯವುಂಟೆಂದು ಕಂಡರು. ಅದಕ್ಕೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಹೃದಯಕ್ಕೆ ಅದನ್ನು ತಂದವರು ಅಮೆರಿಕದ ಲಿಯಾನ್ ಗೋಲ್ಡ್‌ಬರ್ಗ್. 1960ರ ದಶಕದಲ್ಲಿ ಅವರು ಕಂಡದ್ದಿಷ್ಟು: ಅಲ್ಪ ಪ್ರಮಾಣದಲ್ಲಿ ಮೂತ್ರಪಿಂಡಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಕೊಂಚ ಹೆಚ್ಚಿಸಿದರೆ ಹೃದಯ ಬಲವಾಗಿ ಮಿಡಿಯುತ್ತದೆ. ಇನ್ನೂ ಹೆಚ್ಚಿಸಿದರೆ ಧಮನಿಗಳು ಬಿಗಿಯುತ್ತವೆ. ಒತ್ತಡವೇನೋ ಏರುತ್ತದೆ, ಆದರೆ ಕೈಕಾಲಿನ ತುದಿಗೆ ರಕ್ತ ತಲುಪುವುದಿಲ್ಲ. ದೊಡ್ಡವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆಯೆನಿಸಿತು. ಒತ್ತಡ ಕುಸಿದ ರೋಗವೇ ಬೆರಳಿನ ರಕ್ತವನ್ನು ಮೊದಲು ಕಸಿದಿರುತ್ತದಾಗಿ, ಎಲ್ಲವನ್ನೂ ಔಷಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಳಿತೂ ಕೆಡುಕೂ ಒಂದೇ ಗುಣದಿಂದ ಹುಟ್ಟುತ್ತವೆ. ಹೃದಯವನ್ನು ಹುರಿದುಂಬಿಸುವ ಶಕ್ತಿಯೇ ಅದರ ಲಯವನ್ನು ತಪ್ಪಿಸುವುದೂ ಉಂಟು.

ಅಮೆರಿಕದಲ್ಲಿ 1974ರಲ್ಲಿ ಅನುಮತಿ ದೊರೆತ ಮೇಲೆ ಡೋಪಮೀನ್ ಲೋಕದ ಆಸ್ಪತ್ರೆಗಳನ್ನೆಲ್ಲ ಹೊಕ್ಕಿತು. ಮೂತ್ರಪಿಂಡ ಉಳಿಯಲೆಂದು ‘ಸ್ವಲ್ಪ ಇರಲಿ’ ಎಂದು ಕೊಡುವುದು ವಾಡಿಕೆಯಾಯಿತು. ಕಾಲು ಶತಮಾನ ಇದನ್ನು ಯಾರೂ ಗಟ್ಟಿಯಾಗಿ ಒರೆಗೆ ಹಚ್ಚಲಿಲ್ಲವೆಂಬುದು ನನಗೆ ಸೋಜಿಗ. 2000ದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ವೈದ್ಯರು 328 ರೋಗಿಗಳಲ್ಲಿ ಪರೀಕ್ಷಿಸಿ ಮೂತ್ರಪಿಂಡಕ್ಕೆ ಲಾಭವಿಲ್ಲವೆಂದರು. 2010ರಲ್ಲಿ ಯುರೋಪಿನಲ್ಲಿ ರಕ್ತದೊತ್ತಡ ಕುಸಿದ 1,679 ರೋಗಿಗಳಿಗೆ ಕೆಲವರಿಗೆ ಡೋಪಮೀನ್, ಉಳಿದವರಿಗೆ ನಾರ್‌ಅಡ್ರಿನಲಿನ್ ಕೊಟ್ಟು ನೋಡಿದರು. ಹೃದಯದ ಲಯ ತಪ್ಪಿದ್ದು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 24, ಎರಡನೆಯದರಲ್ಲಿ 12. ಒಟ್ಟು ಸಾವಿನಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಆದರೆ ಹೃದಯವೇ ಸೋತು ಒತ್ತಡ ಕುಸಿದವರಲ್ಲಿ ಡೋಪಮೀನ್ ಪಡೆದವರೇ ಹೆಚ್ಚು ಮಂದಿ ಸತ್ತರು. ಹೃದಯದ ಔಷಧವೆಂದು ಹೆಸರಾದದ್ದು ಹೃದಯರೋಗಿಗಳಲ್ಲಿಯೇ ಹಿಂದೆ ಬಿತ್ತು.

ಇಂದು ಅದು ಮೊದಲ ಆಯ್ಕೆಯಾಗಿ ಉಳಿದಿಲ್ಲ. ಆದರೂ ನಾಡಿ ತೀರ ನಿಧಾನವಾದವರಿಗೆ ಬೇಕಾಗುತ್ತದೆ. ಕೊಡುವಾಗ ದೊಡ್ಡ ರಕ್ತನಾಳವನ್ನೇ ಆರಿಸಬೇಕು. ಹನಿ ನಾಳದಿಂದಾಚೆ ಸೋರಿದರೆ ಸುತ್ತಲ ಚರ್ಮ ಬಿಳುಚಿ, ತಣ್ಣಗಾಗಿ, ಕೊನೆಗೆ ಸಾಯುತ್ತದೆ. ಇದಕ್ಕೆ ಫೆಂಟೊಲಮೀನ್ ಎಂಬ ಪ್ರತ್ಯೌಷಧವನ್ನು ಹನ್ನೆರಡು ಗಂಟೆಯೊಳಗೆ ಆ ಜಾಗದ ಸುತ್ತ ಚುಚ್ಚಬೇಕು. ಆದುದರಿಂದ ಹಾಸಿಗೆಯ ಬಳಿ ಕುಳಿತ ಮನೆಯವರು ಸೂಜಿಯ ಸುತ್ತ ಬಿಳುಪು ಕಂಡರೆ, ರೋಗಿ ಉರಿಯೆಂದರೆ, ಬೆಳಗಾಗಲೆಂದು ಕಾಯದೆ ಕೂಡಲೇ ದಾದಿಯನ್ನು ಕರೆಯಬೇಕು.