ಬಾಲದ ಮೇಲಿನ ಲಂಬಫಲಕ

ಶಾಲೆಯಲ್ಲಿ ಮಕ್ಕಳಿಂದ ರಟ್ಟಿನ ಗ್ಲೈಡರುಗಳನ್ನು ಮಾಡಿಸುತ್ತಿದ್ದ ದಿನಗಳಲ್ಲಿ, ಬಾಲದ ಮೇಲೆ ನೆಟ್ಟಗೆ ನಿಲ್ಲುವ ಫಲಕ ದೊಡ್ಡದಾದಷ್ಟೂ ವಿಮಾನ ನೇರವಾಗಿ ಹಾರುವುದೆಂದು ಹೇಳಿಕೊಟ್ಟಿದ್ದೆ. ಒಬ್ಬ ಹುಡುಗ ಭಾರಿ ಫಲಕವನ್ನೇ ಅಂಟಿಸಿದ. ಅವನ ಗ್ಲೈಡರು ಪ್ರತಿಸಲವೂ ಒಂದು ಮಗ್ಗುಲಿಗೆ ವಾಲಿ, ಸುತ್ತುತ್ತ ಸುತ್ತುತ್ತ ನೆಲಕ್ಕೆ ಬೀಳುತ್ತಿತ್ತು. ಎಸೆಯುವ ಕೈ ಸರಿಯಿಲ್ಲವೆಂದು ಅವನನ್ನೇ ಗದರಿಸಿದೆ.

ಇದೇ ತೊಡಕು ರೈಟ್ ಸೋದರರನ್ನೂ ಕಾಡಿತ್ತೆಂದು ತಿಳಿದದ್ದು ಬಹಳ ತಡವಾಗಿ.

ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ 1804ರಲ್ಲೇ ತನ್ನ ಮಾದರಿ ಗ್ಲೈಡರಿಗೆ ಅಡ್ಡ ಮತ್ತು ಲಂಬ ಫಲಕಗಳೆರಡೂ ಕೂಡಿದ ಬಾಲವನ್ನು ಜೋಡಿಸಿದ್ದ. ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ರಬ್ಬರು ಸುತ್ತಿ ಹಾರಿಸಿದ ಮಾದರಿಯಾದರೋ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿಕೊಂಡೇ 11 ಸೆಕೆಂಡು ಸ್ಥಿರವಾಗಿ ಹಾರಿತು. ಅವನ ವಿನ್ಯಾಸದ ಆಟಿಕೆ ಹೆಲಿಕಾಪ್ಟರೊಂದನ್ನು 1878ರಲ್ಲಿ ತಂದೆ ತಂದುಕೊಟ್ಟಾಗ ವಿಲ್ಬರ್, ಆರ್ವಿಲ್ ಇನ್ನೂ ಬಾಲಕರು.

ಸೋದರರ 1901ರ ಗ್ಲೈಡರಿಗೆ ಬಾಲವಿರಲಿಲ್ಲ. 1902ರದಕ್ಕೆ ಎರಡು ಲಂಬಫಲಕಗಳನ್ನು ಅಲುಗದಂತೆ ಬಿಗಿದರು. ಕಿಲ್ ಡೆವಿಲ್ ಹಿಲ್ಸ್‌ನ ಮರಳುದಿಬ್ಬಗಳ ಮೇಲೆ ಅದು ಚೆನ್ನಾಗಿಯೇ ಹಾರಿತು. ಆದರೆ ಆಗೊಮ್ಮೆ ಈಗೊಮ್ಮೆ ವಾಲಿ ಪಕ್ಕಕ್ಕೆ ಜಾರಿದಾಗ ಗಾಳಿ ಫಲಕಗಳಿಗೆ ಓರೆಯಾಗಿ ಬಡಿದು ಮೂತಿಯನ್ನು ತಗ್ಗಿನ ಕಡೆಗೇ ತಿರುಗಿಸುತ್ತಿತ್ತು. ತಗ್ಗಿದ ರೆಕ್ಕೆಯ ವೇಗ ಕುಂದಿ ಅದು ಇನ್ನಷ್ಟು ಇಳಿಯುತ್ತಿತ್ತು. ಕಡೆಗೆ ಅದರ ತುದಿ ನೆಲಕ್ಕೆ ನಾಟಿ ಮರಳನ್ನು ಬಗೆಯುತ್ತಿತ್ತು. ಇದಕ್ಕೆ ಅವರು ಬಾವಿ ತೋಡುವುದೆಂದು ಹೆಸರಿಟ್ಟಿದ್ದರು! ಆ ಅಕ್ಟೋಬರಿನಲ್ಲಿ ಒಂದು ರಾತ್ರಿ, ಕಾಫಿ ಹೆಚ್ಚಾಗಿ ನಿದ್ದೆ ಬಾರದ ಆರ್ವಿಲ್‌ಗೆ ಫಲಕವನ್ನು ತಿರುಗುವಂತೆ ಮಾಡಬೇಕೆಂದು ಹೊಳೆಯಿತು. ಅದನ್ನು ರೆಕ್ಕೆ ತಿರುಚುವ ತಂತಿಗಳಿಗೇ ಜೋಡಿಸೋಣವೆಂದ ವಿಲ್ಬರ್. ಎರಡರ ಬದಲಿಗೆ, ತಿರುಗುವ ಒಂದೇ ಫಲಕ ಸಾಕಾಯಿತು.

ಸುಮ್ಮನೆ ಎಸೆಯುವ ಮಾದರಿಯಲ್ಲಿ ಫಲಕವನ್ನು ತಿರುಗಿಸುವವರು ಯಾರು? ಅಲ್ಲಿ ಅಳತೆಯೇ ಚುಕ್ಕಾಣಿ. ಫಲಕದ ವಿಸ್ತೀರ್ಣವನ್ನು ಗುರುತ್ವಕೇಂದ್ರದಿಂದ ಅದಕ್ಕಿರುವ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಉದ್ದಗಳ ಗುಣಲಬ್ಧದಿಂದ ಭಾಗಿಸಿದರೆ ಸಾಮಾನ್ಯವಾಗಿ 0.02ರಿಂದ 0.05ರೊಳಗೆ ಬರಬೇಕು. 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ರೆಕ್ಕೆಗೆ, 30 ಸೆಂ.ಮೀ. ಹಿಂದಿರುವ ಫಲಕ 36 ಚದರ ಸೆಂ.ಮೀ. ಇದ್ದರೆ 0.03 ಬರುತ್ತದೆ. ದೂರವನ್ನು ಅರ್ಧಕ್ಕಿಳಿಸಿದರೆ ಫಲಕ ಇಮ್ಮಡಿಯಾಗಬೇಕು. ರೆಕ್ಕೆಗಳನ್ನು ತುಸು ಮೇಲಕ್ಕೆ ಬಾಗಿಸುವುದನ್ನೂ ಮರೆಯಬಾರದು.

ಆ ಹುಡುಗನ ಗ್ಲೈಡರಿನ ರೆಕ್ಕೆ ಹಲಗೆಯಂತೆ ಚಪ್ಪಟೆಯಾಗಿತ್ತು, ಫಲಕವೋ ಅಂಗೈಯಗಲ. ಅವನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.